ಆರಿತೆಂದ ಮೇಲೆ ಉರಿದದ್ದು

ಪುಣೆಯ ಧನಕವಡಿಯ ಹಲ್ಲಿನ ಡಾಕ್ಟರು ಮೊನ್ನೆ ನನ್ನ ದವಡೆಗೆ ಲವಂಗದ ಎಣ್ಣೆ ಅದ್ದಿದ ಹತ್ತಿ ಒತ್ತಿದಾಗ, ನೋವಿಗಿಂತ ಮೊದಲು ನೆನಪಾದವರು ನನ್ನ ಪಿಎಚ್‌ಡಿ ಗೈಡ್. ಅವರ ಕೆನ್ನೆಯೊಳಗೆ ಸದಾ ಒಂದು ಲವಂಗ ಇರುತ್ತಿತ್ತು. ಅವರು ಬಂದು ಹೋದ ಮೇಲೂ ನಮ್ಮ ಕೋಣೆಯಲ್ಲಿ ಆ ವಾಸನೆ ಉಳಿದುಕೊಳ್ಳುತ್ತಿತ್ತು... “ಝೋಪೇತ ದಾತ ಖಾತಾ ಕಾ?” ಎಂದು ಡಾಕ್ಟರು ಕೇಳಿದರು, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಎಂದು. ಬಾಯಲ್ಲಿ ಹತ್ತಿ ಇತ್ತು, ತಲೆಯಾಡಿಸಿದೆ. ಎಚ್ಚರದಲ್ಲೂ ಕಡಿಯುತ್ತೇನೆ, ಯಾರ ಮೇಲೆ ಅನ್ನುವುದೂ ಗೊತ್ತು ಎಂದು ಹೇಳುವ ಆಸೆಯಾಗಿತ್ತು.

ಗೈಡ್ ಕರಾವಳಿಯವರು, ಇಲ್ಲಿನ ಒಂದು ಖಗೋಳ ಸಂಸ್ಥೆಯಲ್ಲಿ ದೊಡ್ಡ ಹೆಸರು. ನಾನು ವಾಕಡದ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುತ್ತಿದ್ದ ಯಾದಗಿರಿ ಕಡೆಯವನ ಮಗಳು. ಮೊದಲ ದಿನ ನನ್ನ ಕನ್ನಡ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ಕ್ಯಾಂಟೀನಿಗೆ ಕರೆದೊಯ್ದು ದೋಸೆ ಕೊಡಿಸಿದ್ದರು. ಆಕಾಶದ ಮಾಹಿತಿಯನ್ನು ಅನುಮಾನದಿಂದ ನೋಡುವುದನ್ನು ಕಲಿಸಿದವರೇ ಅವರು, ಅದನ್ನು ಇಲ್ಲವೆನ್ನಲಾರೆ. ಆಮೇಲೆ ಅವರು ಮಾಡಿದ್ದನ್ನು ಗುರುತಿಲ್ಲದವರು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಮ್ಮ ಕೆಲಸ ಇಷ್ಟೇ. ಕೆಲವು ಕಪ್ಪುಕುಳಿಗಳಿಗೆ ಜೊತೆಯಾಗಿ ಒಂದು ನಕ್ಷತ್ರವಿರುತ್ತದೆ. ಕಪ್ಪುಕುಳಿ ಅದರ ಅನಿಲವನ್ನು ಎಳೆದು ತನ್ನ ಸುತ್ತ ತಟ್ಟೆಯ ಆಕಾರದಲ್ಲಿ ಕೂಡಿಹಾಕಿಕೊಳ್ಳುತ್ತದೆ. ವರ್ಷಗಟ್ಟಲೆ ಸದ್ದಿಲ್ಲ. ಒಂದು ದಿನ ಆ ತಟ್ಟೆ ಕಾದು ಎಕ್ಸ್-ಕಿರಣಗಳಲ್ಲಿ ಧಗ್ಗೆಂದು ಉರಿಯುತ್ತದೆ, ಕೆಲವು ವಾರಗಳಲ್ಲಿ ಆರುತ್ತದೆ. ಆರಿತು ಎಂದು ಎಲ್ಲರೂ ಎದ್ದು ಹೋದ ಮೇಲೆ ಕೆಲವೊಮ್ಮೆ ಮತ್ತೆ ಏರುತ್ತದೆ. ಆ ಎರಡನೇ ಏರಿನ ಹುಚ್ಚು ನನಗೆ ಆಗಲೂ ಇತ್ತು, ಈಗಲೂ ಇದೆ.

ಪಿಎಚ್‌ಡಿಯ ಕೊನೆಯ ವರ್ಷ, ನಮ್ಮ ಗುಂಪು ಹಿಂಬಾಲಿಸುತ್ತಿದ್ದ ಕಪ್ಪುಕುಳಿ ಆರಿತು. ಮರುವಾರ, ಇಡೀ ಆಕಾಶವನ್ನು ಮೇಲಿಂದ ಮೇಲೆ ಸವರಿ ನೋಡುವ ಒಂದು ಉಪಗ್ರಹದ ಮಾಹಿತಿಯಲ್ಲಿ ಅದರ ಬೆಳಕಿನ ಏರಿಳಿತ ತೋರಿಸುವ ಗೆರೆ ಸ್ವಲ್ಪ ತಲೆ ಎತ್ತಿತು. ಖಚಿತ ಮಾಡಿಕೊಳ್ಳಲು ಇನ್ನೂ ಸೂಕ್ಷ್ಮವಾದ ದೂರದರ್ಶಕವನ್ನು ಕೂಡಲೇ ಅತ್ತ ತಿರುಗಿಸಬೇಕಿತ್ತು. ನಮ್ಮಲ್ಲಿ ಆ ಕೋರಿಕೆ ಗೈಡ್ ಹೂಂ ಅನ್ನದೆ ಹೋಗುತ್ತಿರಲಿಲ್ಲ. ಓಡಿಹೋಗಿ ತೋರಿಸಿದೆ. ಅವರು ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿಕೊಂಡರು.

“ಅದು ಪಕ್ಕದ ಮನೆ ದೀಪ, ಮಾರಾಯ್ತಿ. ಗಡಿಬಿಡಿ ಮಾಡ್ಬೇಡ.”

ಆಕಾಶದ ಆ ಭಾಗದಲ್ಲಿ ಎಲ್ಲವೂ ಚಾಳಿನ ಮನೆಗಳ ಹಾಗೆ ಒತ್ತೊತ್ತಾಗಿವೆ. ಒಂದು ಉರಿದರೆ ಅದರ ಬೆಳಕು ಪಕ್ಕದ್ದರ ಲೆಕ್ಕಕ್ಕೆ ಸೋರುತ್ತದೆ. ಹೊಸಬರು ಎಡವುವುದು ಅಲ್ಲೇ. ಚಿಕ್ಕ ವಯಸ್ಸಿನಲ್ಲಿ ಅವರೂ ಹಾಗೆ ಎಡವಿ, ಜಗತ್ತಿಗೆಲ್ಲ ಸಾರಿ, ನಗೆಪಾಟಲಾಗಿದ್ದರಂತೆ.

“ಪಕ್ಕದ್ದು ಈ ವಾರ ಮಲಗೇದ್ರಿ ಸರ್, ನಾ ಎಲ್ಲಾ ನೋಡೀನಿ. ಈಗ ಬಿಟ್ರ ಹೋಯ್ತ್ರಿ,” ಎಂದೆ.

ಅವರು ಊಟಕ್ಕೆ ಎದ್ದರು. ಕೆಲವೇ ದಿನಗಳಲ್ಲಿ ಗೆರೆ ಕೆಳಗಿಳಿಯಿತು. ಅದರ ಹಿಂದೆಯೇ ಸೂರ್ಯ ಆ ದಿಕ್ಕಿಗೆ ಬಂದು ತಿಂಗಳುಗಟ್ಟಲೆ ಯಾರೂ ಅತ್ತ ನೋಡುವಂತಿರಲಿಲ್ಲ. ನಾನು ಕಂಡದ್ದು ನಿಜವೋ ಸುಳ್ಳೋ ಎನ್ನಲು ಸಾಕ್ಷಿ ಉಳಿಯಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ... ಅವರು ಬಿಡಲಿಲ್ಲ. ನನ್ನ ಪ್ರಬಂಧದಿಂದ ಆ ಅಧ್ಯಾಯವನ್ನು ತೆಗೆಸಿದರು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ನನ್ನದೇ ಗೆರೆಯನ್ನು ಪರದೆಯ ಮೇಲೆ ಹಾಕಿ, “ನಮ್ಮವಳೊಬ್ಬಳು ಪಕ್ಕದ ಮನೆ ದೀಪಕ್ಕೆ ಮೋಸಹೋದದ್ದು ಹೀಗೆ” ಎಂದು ನಗಿಸಿದರು. ಹೆಸರು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಆ ನಗು ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಕೊನೆಗೆ ಧನಕವಡಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಸೇರಿದ ದಿನವೇ ನಿರ್ಧರಿಸಿದೆ. ಆ ಕಪ್ಪುಕುಳಿ ಇನ್ನೊಮ್ಮೆ ಎದ್ದೇ ಏಳುತ್ತದೆ. ಅಂದು ಅವರ ಮುಂದೆ ಹೋಗಿ ನಿಲ್ಲುತ್ತೇನೆ, ‘ನೀನು ಹೇಳಿದ್ದು ಸರಿ’ ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಆ ಉಪಗ್ರಹದ ಮಾಹಿತಿ ನೋಡುವುದು ನನ್ನ ದೇವರ ಪೂಜೆಯಾಯಿತು. ಬೇಡಿಕೊಳ್ಳುತ್ತಿದ್ದದ್ದು ಮಾತ್ರ ಒಳ್ಳೆಯದನ್ನಲ್ಲ.

ಈ ವರ್ಷ ಅದು ಎದ್ದಿತು. ಜಗತ್ತಿನ ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಆರಿದ ಕೂಡಲೇ ಬೇರೆ ಕಡೆಗೆ ಹೊರಳಿದವು. ಸೂಕ್ಷ್ಮ ದೂರದರ್ಶಕಕ್ಕೆ ನಾನು ನನ್ನ ಹೆಸರಿನಲ್ಲೇ ಮೊದಲೇ ಕೋರಿಕೆ ಹಾಕಿ ಕಾದಿದ್ದೆ. ಗೆರೆ ಮತ್ತೆ ತಲೆ ಎತ್ತಿತು. ದೂರದರ್ಶಕ ತಿರುಗಿತು. ಪಕ್ಕದ್ದು ಕಗ್ಗತ್ತಲು, ನಮ್ಮದು ಉರಿಯುತ್ತಿತ್ತು! ಹಳೆಯ ಗೆರೆಯನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ಪ್ರಿಂಟ್ ತೆಗೆದೆ. ಭಾನುವಾರ ಅವರ ಮನೆಗೆ ಹೋಗುವುದೆಂದು ಇಸ್ತ್ರಿ ಮಾಡಿದ ಸೀರೆ ತೆಗೆದಿಟ್ಟೆ. ಗುರುವಾರ ಹಳೆಯ ಸಹಪಾಠಿಯೊಬ್ಬಳ ಫೋನ್ ಬಂತು. ಸರ್ ಹೋಗಿಬಿಟ್ಟರು, ಹೃದಯಾಘಾತ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ತಪ್ಪಿಸಿಕೊಂಡರಲ್ಲ ಅನ್ನಿಸಿತು.

ಸಂಸ್ಥೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಶಿಷ್ಯರು ಒಬ್ಬೊಬ್ಬರಾಗಿ ಮಾತಾಡಿದರು. ನನ್ನ ಸರದಿ ಬಂದಾಗ ಪ್ರಿಂಟನ್ನು ಎತ್ತಿ ಹಿಡಿದೆ. ಸತ್ತವರ ಫೋಟೋದ ಮುಂದೆ ಹೀಗೆಲ್ಲ ಮಾತಾಡಬಾರದು ಎಂದು ನನಗೂ ಗೊತ್ತಿತ್ತು, ಗೊತ್ತಿದ್ದೇ ಮಾತಾಡಿದೆ. ಆ ‘ನಮ್ಮವಳೊಬ್ಬಳು’ ನಾನೇ ಎಂದೆ. ಅವರು ತಿರುಗಿಸಲು ಬಿಡದ ದೂರದರ್ಶಕದ ಕಥೆ, ತೆಗೆಸಿದ ಅಧ್ಯಾಯ, ವರ್ಷ ವರ್ಷದ ನಗು, ಎಲ್ಲವನ್ನೂ ಹೇಳಿ ಕೂತೆ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಆ ಗೆರೆಗೆ ನಕ್ಕವರೇ ಬಂದು ಕೈಕುಲುಕಿದರು. ಇಷ್ಟು ವರ್ಷ ಕಾದದ್ದು ಇದಕ್ಕೇ ಅಂದುಕೊಂಡೆ. ಹೊಟ್ಟೆ ಮಾತ್ರ ತಣ್ಣಗಾಗಲಿಲ್ಲ.

ಹೊರಡುವಾಗ ಸರ್ ಅವರ ಹೆಂಡತಿ ಬಾಗಿಲಲ್ಲಿ ಸಿಕ್ಕರು. ಬೈಯುತ್ತಾರೆ ಎಂದು ಎದೆಗಟ್ಟಿ ಮಾಡಿಕೊಂಡೆ. ಅವರು ಪ್ರಿಂಟನ್ನು ಕೈಗೆ ತೆಗೆದುಕೊಂಡು ನೋಡಿದರು. “ಅವ್ರಿದ್ದಾಗ ತರ್ಬೇಕಿತ್ತು ನೀವು. ಒಪ್ತಿರ್ಲಿಲ್ಲ. ಆದ್ರೆ ಊಟ ಬಿಟ್ಟು ಕೂತು ನೋಡ್ತಿದ್ರು,” ಎಂದರು.

ಅದು ನಿಜ. ಊಟ ಬಿಟ್ಟು ನೋಡಿ, ಈ ವರ್ಷ ಏರಿದ್ದನ್ನು ಒಪ್ಪುತ್ತೇನೆ, ಆ ವರ್ಷವೂ ಏರಿತ್ತೆಂದು ಹೇಗೆ ಹೇಳುತ್ತಿ ಎಂದು ಕೇಳುತ್ತಿದ್ದರು. ಅದೊಂದೇ ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರ ಕಟ್ಟುತ್ತಲೇ ನಾನು ಇಷ್ಟು ವರ್ಷ ಕಳೆದದ್ದು. ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ, ಸುಮ್ಮನೆ ನಂಬಿಬಿಟ್ಟರು. ಗೈಡನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ... ಆದರೆ ಇವತ್ತು ಬೆಳಿಗ್ಗೆಯೂ ಚಹಾಕ್ಕೆ ನೀರಿಟ್ಟು, ಆ ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿದೆ, ಖಾಲಿ ಅಡುಗೆಮನೆಯಲ್ಲಿ, ಪ್ರತಿ ವಾಕ್ಯಕ್ಕೂ ‘ಸರ್’ ಸೇರಿಸಿ.