ಒಂದು ಕಲ್ಲು ಕಡಿಮೆಯಾದ ಸಂಕ

ಬೆಳ್ತಂಗಡಿ ಪೇಟೆಯಲ್ಲಿ ಹರಿಯುವ ತೋಡನ್ನು ದಾಟಲಿಕ್ಕೆ ಒಂದು ಹಳೆಯ ಸಂಕ ಇತ್ತು. ಕೆಂಪು ಮುರಕಲ್ಲಿನ ಕಮಾನು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಒತ್ತಿಕೊಂಡೇ ನಿಂತಿತ್ತು. ಯಾರು ಕಟ್ಟಿದ್ದೆಂದು ಕೇಳಿದರೆ ಹಿರಿಯರೆಲ್ಲ, "ಅದು ಮೊದಲಿನಿಂದಲೂ ಉಂಟು" ಅನ್ನುತ್ತಿದ್ದರು. ಇದೊಂದು ಉತ್ತರವೇ? ನನಗೆ ಸಿಟ್ಟು ಬರುತ್ತಿತ್ತು.

ಅರವತ್ತರ ದಶಕದ ಆರಂಭ. ನಾನು ಆರನೆಯ ಕ್ಲಾಸು. ಮೇಷ್ಟ್ರು ಒಂದು ದಿನ ಪುಸ್ತಕದಲ್ಲಿ ರೋಮಿನವರ ಸೇತುವೆಯ ಚಿತ್ರ ತೋರಿಸಿದರು. ಎರಡು ಸಾವಿರ ವರ್ಷ ಹಳೆಯದಂತೆ, ಸುತ್ತ ಹೊಸ ಪೇಟೆ ಬೆಳೆದರೂ ಅದನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರಂತೆ. ನೋಡಿದರೆ ಥೇಟ್ ನಮ್ಮ ಸಂಕವೇ! ಮನೆಗೆ ಓಡಿಬಂದವಳೇ ಅಪ್ಪನಿಗೆ, "ನಮ್ಮ ಸಂಕ ಕಟ್ಟಿದ್ದು ರೋಮಿನವರು" ಎಂದು ಘೋಷಿಸಿದೆ.

ಅಪ್ಪ ಕಲ್ಲುಕೆಲಸದ ಮೇಸ್ತ್ರಿ. "ರೋಮಿನವರಿಗೆ ಚಾರ್ಮಾಡಿ ಘಾಟಿ ಇಳಿದು ಇಲ್ಲಿಗೆ ಬರುವ ಕರ್ಮ ಯಾಕೆ ಮಾರಾಯ್ತಿ?" ಎಂದು ನಕ್ಕರು.

"ಹಾಗಾದರೆ ಅದು ಬೀಳುವುದಿಲ್ಲ ಯಾಕೆ?"

ಅಪ್ಪ ಮಾತು ಬದಲಿಸಿದರು. ದೂರದ ಮಾಣಿ ಪೇಟೆಯವರೆಗೂ ಅವರು ಕಟ್ಟಿದ ಗೋಡೆಗಳಿದ್ದವು. 'ನನಗೆ ಗೊತ್ತಿಲ್ಲ' ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ.

ಆ ಬೇಸಗೆಯಲ್ಲಿ ಪಕ್ಕದಲ್ಲೇ ಕಾಂಕ್ರೀಟಿನ ಹೊಸ ಸೇತುವೆ ಎದ್ದಿತು. ಹಳೆಯದನ್ನು ಕೆಡವಿ, ಅದರ ಕಲ್ಲನ್ನು ಹೊಸದರ ಬದಿಗೋಡೆಗೆ ಹಾಕುವ ಕೆಲಸವನ್ನು ಸೇತುವೆಯ ಉಸ್ತುವಾರಿಯ ಓವರ್ಸಿಯರ್ ಅಪ್ಪನಿಗೇ ಕೊಟ್ಟರು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಕೆಡವುವ ಮೊದಲು ಒಂದೇ ಒಂದು ಕಲ್ಲು ತೆಗೆದು ನೋಡುವ ಅಪ್ಪ, ಒಳಗೆ ಹೇಗೆ ಉಂಟೆಂದು" ಎಂದು ಬೆನ್ನುಬಿದ್ದೆ. ಅಪ್ಪನಿಗೂ ಒಳಗೊಳಗೇ ಅದೇ ಆಸೆ ಇತ್ತೆಂದು ಈಗ ಅನಿಸುತ್ತದೆ.

ಬತ್ತಿದ ತೋಡಿನಲ್ಲಿ ಏಣಿ ಇಟ್ಟು, ಕಮಾನಿನ ಅಂಚಿನ ಒಂದು ಕಲ್ಲನ್ನು ಮರದ ಕೊಡತಿಯಿಂದ ಅರ್ಧ ದಿನ ತಟ್ಟಿ ತಟ್ಟಿ ಹೊರಗೆ ತೆಗೆದರು. ನಾನು ತೂತಿಗೆ ಕೈ ಹಾಕಿ ನೋಡಿದೆ. ತಣ್ಣಗಿತ್ತು. ಒಳಗೆ ಇನ್ನೊಂದು ಕಲ್ಲು, ಅಷ್ಟೇ.

"ಇಷ್ಟೇಯಾ?" ಎಂದೆ.

"ಇಷ್ಟೇ. ಇನ್ನು ವಾಪಸ್ ಇಡ್ತೇನೆ, ನೋಡು."

ಹೇಗೂ ಕೆಡವುವ ಸಂಕ, ಇಡುವುದು ಯಾಕೆ ಎಂದು ಆಳುಗಳು ನಕ್ಕರು. ಆದರೆ ತೆಗೆದದ್ದನ್ನು ಇಡಲಿಕ್ಕೆ ಬಾರದವನು ಮೇಸ್ತ್ರಿಯೇ ಅಲ್ಲ ಎಂದು ಅದೇ ಆಳುಗಳಿಗೆ ದಿನಾ ಹೇಳುತ್ತಿದ್ದವರು ಅಪ್ಪ.

ಕಲ್ಲು ಜಪ್ಪಯ್ಯ ಎಂದರೂ ಒಳಗೆ ಹೋಗಲಿಲ್ಲ. ಅಕ್ಕಪಕ್ಕದ ಕಲ್ಲುಗಳು ಕೂದಲೆಳೆಯಷ್ಟು ಸರಿದು ಜಾಗ ಹಿಡಿದಿದ್ದವು. ಅಪ್ಪ ಸ್ವಲ್ಪ ಕೆತ್ತಿದರು. ಈಗ ಹೋಯಿತು, ಆದರೆ ಸಡಿಲವಾಗಿ ಜಾರಿ, ಕೆಳಗಿನ ಬಂಡೆಗೆ ಬಿದ್ದು ಎರಡು ಹೋಳಾಯಿತು. ಹೊಸ ಕಲ್ಲು ಕೆತ್ತಿದರು, ಅದೂ ನಿಲ್ಲಲಿಲ್ಲ. ಮೂರು ದಿನ ಇದೇ ಕಥೆ. ಹೋಟೆಲಿನಿಂದ ಚಾ ಗ್ಲಾಸು ಹಿಡಿದುಕೊಂಡೇ ಬಂದು ಜನ ನೋಡಿದರು. ಕೊನೆಗೆ ಅಪ್ಪ ಮಾಣಿಯಿಂದ ಒಬ್ಬ, ಬೆಳುವಾಯಿಯಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಅವರ ಕೈಯಲ್ಲೂ ಆಗಲಿಲ್ಲ.

ಓವರ್ಸಿಯರ್ ರೇಗಿದರು. "ಕೆಡವುವ ಸಂಕಕ್ಕೆ ಇಷ್ಟು ಪೂಜೆ ಯಾಕೆ? ಅದರಲ್ಲಿ ಅಂಥದ್ದೇನುಂಟು?"

ಅಪ್ಪ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ನನಗೆ ಗೊತ್ತಿಲ್ಲ ಸಾರ್. ಒಂದು ಕಲ್ಲು ಇಡಲಿಕ್ಕೆ ನನ್ನಿಂದ ಆಗಲಿಲ್ಲ. ಉಳಿದದ್ದನ್ನು ಮುಟ್ಟುವ ಯೋಗ್ಯತೆ ನನಗಿಲ್ಲ."

ಇಡೀ ಪೇಟೆಯ ಎದುರು ಅಪ್ಪ ಹಾಗೆ ಹೇಳಿದಾಗ ನನಗೆ ಅಳು ಬಂತು. ಅವರನ್ನು ಅಲ್ಲಿ ನಿಲ್ಲಿಸಿದವಳು ನಾನೇ. ಉಳಿದಿಬ್ಬರು ಮೇಸ್ತ್ರಿಗಳೂ ಹಾರೆ ಮುಟ್ಟದೆ ಬಸ್ಸು ಹತ್ತಿದರು. ಮಳೆಗಾಲ ಹತ್ತಿರ ಬಂದಿತ್ತು. ಓವರ್ಸಿಯರ್ ಬದಿಗೋಡೆಗೆ ಬೇರೆ ಕಲ್ಲು ತರಿಸಿದರು, ಸಂಕ ಹಾಗೆಯೇ ಉಳಿಯಿತು. ಆ ಓವರ್ಸಿಯರ್ ಅಪ್ಪನನ್ನು ಮತ್ತೆ ಯಾವ ಕೆಲಸಕ್ಕೂ ಕರೆಯಲಿಲ್ಲ. ಮೊದಲ ಮಳೆಗೆ ಮುಂಚೆ ಅಪ್ಪ ಒಬ್ಬರೇ ಹೋಗಿ ತೂತಿಗೆ ಸಿಮೆಂಟ್ ತುಂಬಿ ಬಂದರು.

ಈಗ ಸಂಕದ ಸುತ್ತ ಅಂಗಡಿಗಳು ಎದ್ದಿವೆ. ಮೊನ್ನೆ ಅದರ ಫೋಟೋ ತೆಗೆಯುತ್ತಿದ್ದ ಹುಡುಗನೊಬ್ಬ, "ಇಷ್ಟು ಚಂದದ ಸಂಕಕ್ಕೆ ಸಿಮೆಂಟ್ ಮೆತ್ತಿದ ಮೂರ್ಖ ಯಾರು?" ಎಂದು ಗೊಣಗಿದ.

"ನನ್ನ ಅಪ್ಪ. ಕಲ್ಲು ತೆಗೆಸಿದವಳು ನಾನು" ಎಂದೆ.

ಅವನಿಗೆ ನಾಚಿಕೆಯಾಯಿತು. ಕಮಾನಿನ ಕೆಳಗೆ ಬಗ್ಗಿ ನೋಡಿ, "ಆದರೂ ಇದು ಬೀಳುವುದಿಲ್ಲ ಯಾಕೆ ಅಮ್ಮ?" ಎಂದು ಕೇಳಿದ.

"ಅಪ್ಪನಿಗೆ ಗೊತ್ತಾಗಲಿಲ್ಲ" ಎಂದೆ. "ಅದಕ್ಕೇ ಇನ್ನೂ ಉಂಟು."