ಚಪ್ಪಟೆ ನೆತ್ತಿಯ ಗುಡ್ಡ ತೋರಿಸಿದವನು

ಮೇ ಹದಿನಾಲ್ಕು, ಬೆಳಿಗ್ಗೆ ಆರೂಕಾಲು. ಡೊಂಬಿವಲಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ನಾನು, ವಾಚ್‌ಮನ್ ಮತ್ತು ಪಂಪ್ ಮೆಕ್ಯಾನಿಕ್, ಮೂವರೇ. ಬೋರ್‌ವೆಲ್‌ನಿಂದ ಮೇಲೆತ್ತಿದ ಪಂಪಿಗೆ ಕೆಮ್ಮಣ್ಣಿನ ಕೆಸರು ಮೆತ್ತಿಕೊಂಡಿತ್ತು. ಅದರ ತಣ್ಣನೆಯ, ತುಕ್ಕಿನಂಥ ವಾಸನೆಗೆ, ಆ ಬೋರ್ ಕೊರೆಯಲು ಮೊದಲು ಬಂದಿದ್ದ ಮನುಷ್ಯ ನೆನಪಾದ...

ವಿಜಯಪುರದ ಕಡೆಯವನು. ಮುಂದಿನ ಸ್ಟೇಷನ್ ಠಾಕುರ್ಲಿಯಲ್ಲಿ ರೈಲು ಹಳಿಯ ಪಕ್ಕದ ತಗಡಿನ ಮನೆಯಲ್ಲಿದ್ದ. ಆ ಬೇಸಿಗೆ ನಮ್ಮ ನಲ್ಲಿಗಳಲ್ಲಿ ವಾರಕ್ಕೆ ಎರಡೇ ದಿನ ನೀರು. ಮೂರನೇ ಮಹಡಿಯ ಬಾಣಂತಿಯ ಸ್ನಾನಕ್ಕೂ ಕೆಳಗಿನಿಂದ ಕೊಡ ಹೊರಬೇಕಿತ್ತು. ಸೆಕ್ರೆಟರಿ ನಾನು. ನೂರೆಂಬತ್ತು ಅಡಿ ಕೊರೆಯುವುದೆಂದು ಯಂತ್ರದ ಮಾಲೀಕನೊಡನೆ ಕರಾರಾಗಿತ್ತು. ಸಂಜೆ ನಾಲ್ಕಕ್ಕೆ ಅಷ್ಟೂ ಮುಗಿಯಿತು. ಬಂದದ್ದು ಕರಿಕಲ್ಲಿನ ಹುಡಿ.

ನಿಲ್ಲಿಸು ಎಂದೆ. ಆತ ನನ್ನನ್ನು ಟೆರೇಸಿಗೆ ಕರೆದೊಯ್ದು ಮಾಥೇರಾನಿನ ಕಡೆಯ ಗುಡ್ಡಗಳನ್ನು ತೋರಿಸಿದ. ಇವುಗಳ ತಲೆ ಯಾರು ಕೊಯ್ದರು ಮಾರಾಯ ಎಂದು ಹಾಸ್ಯ ಮಾಡಿದೆ.

"ಕೊಯ್ದಿಲ್ರಿ ಸಾಹೇಬ್ರ. ರೊಟ್ಟಿ ಮ್ಯಾಲ ರೊಟ್ಟಿ ಒಟ್ಟಿದಂಗ ಐತಿ ಕಲ್ಲು. ಮ್ಯಾಲಿಂದು ಗಟ್ಟಿ, ಮಳಿಗೆ ಜಗ್ಗಂಗಿಲ್ಲ. ಬಾಜೂಕಿನ ಮೆತ್ತಂದು ಉದುರಿ ಹೋಗತೈತಿ. ನೆತ್ತಿ ಹಂಗ ಸಪಾಟ ಉಳೀತೈತಿ."

ಎಂದೋ ನೆಲ ಬಿರಿದು ಹರಿದ ಲಾವಾ ಹೀಗೆ ಪದರ ಪದರವಾಗಿ ಹೆಪ್ಪುಗಟ್ಟಿದ್ದು ಎಂದು ನಾನು ಆಮೇಲೆ ಓದಿ ತಿಳಿದೆ. ಆತ ಅಂದು, ಗುಡ್ಡದ ಪಕ್ಕೆಯಲ್ಲಿ ಕಾಣುವಂಥದೇ ಪದರಗಳು ನಮ್ಮ ಕಾಲಡಿಯಲ್ಲೂ ಇವೆ, ಎರಡು ಪದರಗಳ ನಡುವಿನ ಕೆಮ್ಮಣ್ಣಿನಲ್ಲಿ ನೀರಿರುತ್ತದೆ, ಇನ್ನೂ ಇಪ್ಪತ್ತು ಅಡಿ ಕೊರೆಯಲು ಬಿಡಿ ಎಂದು ಕೇಳಿಕೊಂಡ.

"ನಿನ್ನ ಮಾತು ಕಲ್ಲು ಕೇಳ್ತದಾ ಮಾರಾಯ?" ಎಂದೆ.

"ನಿಮ್ಮ ಕರಾರಿನ ಕಾಗದಾ ಕೇಳತೈತೇನ್ರಿ?"

ಐದಕ್ಕೆ ಯಂತ್ರ ಕಳಿಸಿಬಿಟ್ಟೆ. ಬೇಸಿಗೆಯುದ್ದಕ್ಕೂ ಕೊಡ ಹೊರುವುದು ತಪ್ಪಲಿಲ್ಲ.

ಮರುವರ್ಷ ಬೇರೆಯವರು ಅದೇ ಬೋರನ್ನು ಇನ್ನೂ ಆಳಕ್ಕೆ ಕೊರೆದರು. ನಾನು ನಿಲ್ಲಿಸಿದಲ್ಲಿಂದ ಹದಿನೆಂಟು ಅಡಿ ಕೆಳಗೆ ಕೆಮ್ಮಣ್ಣು, ಹಿಂದೆಯೇ ನೀರು. ಮರುದಿನವೇ ಠಾಕುರ್ಲಿಗೆ ಹೋದೆ. ತಗಡಿನ ಮನೆಗಳಿದ್ದ ಜಾಗ ಖಾಲಿ. ಬೋರ್ ಕೊರೆಯುವ ವಿಜಯಪುರದವನು ಎಂದು ಕೇಳಿದ್ದಕ್ಕೆ, ಖಾರಘರಕ್ಕೆ ಹೋಗಿರಬೇಕು ಎಂದ ಚಹಾದಂಗಡಿಯವನು. ಅಲ್ಲಿ ವಿಚಾರಿಸಿದರೆ, ಊರಿಗೇ ಹೋದನೇನೋ ಎಂದರು... ಮತ್ತೆ ನಾನು ಹುಡುಕಲಿಲ್ಲ.

ಇವತ್ತು ಒಂಬತ್ತೂವರೆಗೆ ಪಂಪ್ ಇಳಿಸಿ, ನೀರು ಟ್ಯಾಂಕಿಗೆ ಏರಿದ ಮೇಲೆ, ಆ ವರ್ಷದ ಸಭಾ ನಡಾವಳಿಯ ಪುಸ್ತಕ ತೆಗೆದೆ. ನನ್ನದೇ ಅಕ್ಷರ: ನೀರಿಲ್ಲ, ಕೊರೆಯುವವನಿಗೆ ನೆಲದ ಅಂದಾಜಿಲ್ಲ. ಸಹಿಯಾದ ಸಾಲನ್ನು ಹೊಡೆದುಹಾಕುವಂತಿಲ್ಲ. ಕೆಳಗೆ ಇಂದಿನ ತಾರೀಕು ಹಾಕಿ, ಆತನ ಅಂದಾಜು ಸರಿಯಿತ್ತು, ನಿಲ್ಲಿಸಿದವನು ನಾನು ಎಂದು ಬರೆದೆ. ಹೆಸರು ಬರೆಯಬೇಕಾದಲ್ಲಿ ಪೆನ್ನು ನಿಂತಿತು. ನಾನು ಅದನ್ನು ಕೇಳಿರಲೇ ಇಲ್ಲ. ಅಷ್ಟು ಜಾಗ ಖಾಲಿ ಬಿಟ್ಟು ಸಹಿ ಮಾಡಿದೆ.