ತೊಲೋನ್ ಅತಾನಿಗೆ ಮೇಲಿನ ಮಣೆ

ತಲಾಸ್ ಪಟ್ಟಣದ ನೀರಿನ ಕಚೇರಿಯಲ್ಲಿ ಎಂಟು ಕಂಪ್ಯೂಟರುಗಳ ಸಂಸಾರ ನೋಡಿಕೊಳ್ಳುವ ಜಿಪಾರ್ ಯಾರಿಗೂ ಹೆದರುವ ಹೆಂಗಸಲ್ಲ. ಆದರೆ ಆ ಶುಕ್ರವಾರ ಮೇಲಧಿಕಾರಿ ರಿಸ್ಬೆಕ್ ತನ್ನ ಕೈಯಾರೆ ತೊಲೋನ್ ಅತಾನ ಬಟ್ಟಲಿಗೆ ಅಂಚಿನವರೆಗೂ ಚಹಾ ಸುರಿದಾಗ ಅವಳ ಎದೆ ಧಸಕ್ಕೆಂದಿತು. ಅಲ್ಲಿನ ರೂಢಿಯಲ್ಲಿ, ಇನ್ನೂ ಕೂತಿರಲಿ ಎನಿಸುವವರಿಗೆ ಅರ್ಧ ಬಟ್ಟಲು ಹೊಯ್ಯುತ್ತಾರೆ. ತುಂಬಿ ಕೊಟ್ಟರೆ, ಕುಡಿದು ಎದ್ದು ಹೋಗಿ ಎಂದರ್ಥ. ಹಿರಿಯರೆಂದು ಎಲ್ಲರೂ ಅತಾ ಎನ್ನುವ ಆ ಎಪ್ಪತ್ತೊಂಬತ್ತರ ಮುದುಕರು ಅಷ್ಟನ್ನೂ ಕುಡಿದು, ಟೊಪ್ಪಿ ಸರಿಮಾಡಿಕೊಂಡು, ತಮ್ಮ ಮೇಜಿಗೇ ಹೋಗಿ ಕೂತರು.

ಹಿಮ ಕರಗಿ ಕಾಲುವೆಗೆ ಎಷ್ಟು ನೀರು ಬರುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಂ ಅವರದು, ಮೂವತ್ತು ವರ್ಷ ಹಳೆಯದು. ಅದು ಓಡುತ್ತಿದ್ದ ಕಂಪ್ಯೂಟರು ಫೆಬ್ರವರಿಯಲ್ಲಿ ಗೊಟಕ್ ಎಂದಿತ್ತು. ರಿಸ್ಬೆಕ್ ಹೊಸ ಪ್ರೋಗ್ರಾಂ ತರಿಸಿಬಿಟ್ಟಿದ್ದ.

"ಎಜೆ," ಎಂದ ಜಿಪಾರ್‌ಗೆ, ತನಗಿಂತ ಹತ್ತು ವರ್ಷ ದೊಡ್ಡವಳನ್ನು ಅಕ್ಕ ಎನ್ನದೆ ಇನ್ನೇನೆಂದಾನು? "ಸೋಮವಾರ ಮಧ್ಯಾಹ್ನ ನೀರಿನ ಲೆಕ್ಕ ತಗೊಳ್ಳೋಕೆ ಹಳ್ಳಿಗಳ ಕಾಲುವೆ ಯಜಮಾನರು ಬರ್ತಾರೆ. ಅಷ್ಟರಲ್ಲಿ ಅತಾಂದು ಓಡಿದ್ರೆ ಸರಿ. ಇಲ್ಲಾಂದ್ರೆ ಆ ಮೇಜು ನಂಗೆ ಬೇಕು."

ಜಿಪಾರ್‌ಗೆ ಕೆಲಸ ಕಲಿಸಿದವರೇ ಅತಾ. ಅವಳಿಗೆ ರೋಷ ಬಂತು.

ಹಳೇ ಡಿಸ್ಕನ್ನು ಇಡಿಯಾಗಿ ಒಂದು ಫೈಲಿಗೆ ಇಳಿಸಿಕೊಂಡಳು. ಆ ಫೈಲಿನಿಂದ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಹಳೆಯದನ್ನು ಎಬ್ಬಿಸಬೇಕು. ಅದೇ ವರ್ಚುವಲ್ ಮಷೀನು. ಯಾವ ಕೆಲಸ ಯಾವ ಕಂಪ್ಯೂಟರಿಗೆ ಎಂದು ಹಂಚುವ ಶೆಡ್ಯೂಲರಿಗೆ ಈ ವಿದ್ಯೆ ಗೊತ್ತಿರಲಿಲ್ಲ, ಅದನ್ನು ಕಲಿಸಲು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಕೂರಿಸಿದಳು. ಡ್ರೈವರು ಮೂತಿ ತಿರುಗಿಸಿತು: ಅನುಮತಿ ಪಟ್ಟಿಯಲ್ಲಿಲ್ಲದ ಫೋಲ್ಡರನ್ನು ಅದು ಮುಟ್ಟುವುದಿಲ್ಲವಂತೆ.

"ಅತಾನ ಫೋಲ್ಡರಿಗೂ ಅನುಮತಿ ಬೇಕೇನೋ, ಅಧಿಕಪ್ರಸಂಗಿ," ಎಂದು ಗೊಣಗುತ್ತ ಪಟ್ಟಿಗೆ ಸೇರಿಸಿದಳು.

ಮೆಮೊರಿ ಎಷ್ಟು ಕೊಡಲಿ ಎಂದು ಶೆಡ್ಯೂಲರು ಕೇಳಿತು. ಹಿರಿಯರಿಗೆ ಅಳೆದು ಬಡಿಸುವುದುಂಟೆ? ಎಲ್ಲಕ್ಕಿಂತ ದೊಡ್ಡ ಕಂಪ್ಯೂಟರಿನಲ್ಲಿ ಇದ್ದಷ್ಟನ್ನೂ ಬರೆದಳು. ಆದ್ಯತೆ ಎಷ್ಟು, ಒಂದರಿಂದ ನೂರರೊಳಗೆ? ಉಳಿದವರದೆಲ್ಲ ಐವತ್ತು. ಕಿರಿಯರು ಕೂರುವ ಬಾಗಿಲ ಹತ್ತಿರ ಅತಾನನ್ನು ಕೂರಿಸಲು ಯಾರಿಗೆ ಕೈ ಬರುತ್ತದೆ? ನೂರು ಒತ್ತಿದಳು. ಜಾಗ ಸಾಲದಿದ್ದರೆ ಕೆಳಗಿನವರನ್ನು ಎಬ್ಬಿಸಲೇ ಎಂದಿತು. ಎಬ್ಬಿಸು ಮತ್ತೆ, ಎಂದಳು.

ಸೋಮವಾರ ಹನ್ನೊಂದೂವರೆಗೆ ಅತಾನ ಲೆಕ್ಕದ ಹಾಳೆ ಪ್ರಿಂಟರಿನಿಂದ ಹೊರಬಿತ್ತು. ಹಿಂದೆಯೇ ರಿಸ್ಬೆಕ್ ಓಡಿಬಂದ.

"ಎರಡು ದಿನದಿಂದ ಓಡ್ತಿದ್ದ ನನ್ನ ಹೊಸ ಪ್ರೋಗ್ರಾಂ ಲೆಕ್ಕ ಎಲ್ಲಿ?"

"ಅತಾ ಬಂದ್ರಲ್ಲ, ಎದ್ದು ಜಾಗ ಬಿಟ್ಟಿದೆ."

"ಅದು ಕಂಪ್ಯೂಟರು, ಎಜೆ, ಮದುವೆ ಪಂಕ್ತಿ ಅಲ್ಲ."

ಅಷ್ಟರಲ್ಲಿ ಬಿಳಿಗಡ್ಡದ ಕಾಲುವೆ ಯಜಮಾನರು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ಮುದುಕರಿಗೆ ಮೇಲಿನ ಜಾಗ ಕೊಟ್ಟಿದ್ದು ತಪ್ಪು ಎಂದು ಅವರೆದುರು ವಾದಿಸುವ ಧೈರ್ಯ ರಿಸ್ಬೆಕ್‌ಗೆಲ್ಲಿ? ಅತಾನ ಹಾಳೆಯನ್ನೇ ಹಂಚಿದ.

ಯಜಮಾನರು ಹೋದ ಮೇಲೆ ಅತಾ ಕನ್ನಡಕ ಏರಿಸಿ ಪರದೆ ನೋಡಿದರು.

"ನಂದಕ್ಕೆ ಬೇಕಾಗಿರೋದು ನಿನ್ನ ಫೋನಲ್ಲಿರೋ ಮೆಮೊರಿಯಲ್ಲಿ ಒಂದು ಚೂರು, ಮಗಳೇ. ಇಡೀ ಮನೆ ನಂಗೇ ಬಿಟ್ಟುಕೊಟ್ಟು ಆ ಹುಡುಗನ್ನ ಬೀದಿಗೆ ಹಾಕಿದ್ದೀಯಲ್ಲ. ಅವಂದೂ ಓಡಲಿ. ಎರಡು ಲೆಕ್ಕ ಇದ್ರೆ ತಪ್ಪು ಸಿಗುತ್ತೆ, ನಂದಾದ್ರೂ ಸರಿಯೇ. ಐವತ್ತು ಮಾಡು."

ಕೆಟಲ್ ಹಿಡಿದು ಬಂದಿದ್ದ ರಿಸ್ಬೆಕ್ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಜಿಪಾರ್ ಮೆಮೊರಿ ಇಳಿಸಿದಳು. ಆದ್ಯತೆಗೆ ಬಂದಾಗ ಬೆರಳು ಏಳಲಿಲ್ಲ.

"ಐವತ್ತು ನನ್ನ ಕೈಲಾಗಲ್ಲ, ಅತಾ," ಎಂದು ಐವತ್ತೊಂದು ಒತ್ತಿದಳು.

ರಿಸ್ಬೆಕ್ ಅದನ್ನು ನೋಡಿದ. ಅತಾನ ಬಟ್ಟಲು ಎತ್ತಿಕೊಂಡು ಚಹಾ ಹೊಯ್ಯತೊಡಗಿದ. ಜಿಪಾರ್ ಆ ಬಟ್ಟಲನ್ನೇ ನೋಡುತ್ತಿದ್ದಳು.

ಅರ್ಧಕ್ಕೆ ನಿಲ್ಲಿಸಿದ.